ಸಡಿಲು ಎಲ್ಲಿದೆ?

ಕಬ್ಬಿನ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ: “ಮುಂದಿನ ಗಾಲಿ ಕಡಿಂದ ಕಟ್ ಕಟ್ ಸಪ್ಪಳ ಬರಾಕತ್ತೈತ್ರಿ.” ಮಿಸ್ತ್ರಿ ಬಗ್ಗಿ ನೋಡಿ, ಗಾಲಿ ಹಿಡಿದು ಒಮ್ಮೆ ಜಗ್ಗಿ, “ಬಾಲ್ ಜಾಯಿಂಟ್ ಲೂಜ್ ಆಗೇತ್ರಿ ಸಾವಕಾರ್ರ” ಎನ್ನುತ್ತಾನೆ. ಅದರ ಬೆನ್ನಿಗೇ ಗಾಡಿಯವನ ಬೇಡಿಕೆ ಬರುತ್ತದೆ: “ನಟ್ ಒಂದೀಟ ಬಿಗಿ ಮಾಡಿಬಿಡ್ರಿ ಅಣ್ಣಾ. ಇಲ್ಲಾಂದ್ರ ಒಂದ್ ವೆಲ್ಡಿಂಗ್ ಟಚ್ ಕೊಡ್ರಿ. ಹಂಗಾಮ ಮುಗೀಲಿ, ಆಮ್ಯಾಲ ನೋಡೂಣು.”

ಈ ಬೇಡಿಕೆಯ ಹಿಂದಿರುವ ಕಷ್ಟ ನಿಜವಾದದ್ದು. ಸಕ್ಕರೆ ಕಾರ್ಖಾನೆ ನಡೆಯುವ ನಾಲ್ಕೈದು ತಿಂಗಳಲ್ಲಿ ಗಾಡಿ ಒಂದು ದಿನ ನಿಂತರೂ ಕಡಿದಿಟ್ಟ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದರೆ ನಟ್ ಬಿಗಿ ಮಾಡಿದರೆ ಬಾಲ್ ಜಾಯಿಂಟಿನ ಸಡಿಲು ಹೋಗುವುದಿಲ್ಲ. ವೆಲ್ಡಿಂಗ್ ಮಾಡಿದರಂತೂ ಇದ್ದ ಜೀವವೂ ಹೋಗುತ್ತದೆ. ಯಾಕೆ ಎಂಬುದು ತಿಳಿಯಬೇಕಾದರೆ ಅಂಗೈಯಲ್ಲಿ ಹಿಡಿಯುವಷ್ಟಿರುವ ಈ ಭಾಗದ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಮುಂದಿನ ಗಾಲಿಗೆ ಎರಡು ಕೆಲಸ. ಸ್ಟೇರಿಂಗ್ ತಿರುಗಿಸಿದಂತೆ ಎಡಕ್ಕೂ ಬಲಕ್ಕೂ ಹೊರಳಬೇಕು, ರಸ್ತೆಯ ತಗ್ಗುದಿಣ್ಣೆಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು. ಚಕ್ಕಡಿಯಲ್ಲಿ ಈ ತೊಡಕಿಲ್ಲ, ಎತ್ತು ತಿರುಗಿದರೆ ಇಡೀ ಬಂಡಿ ತಿರುಗುತ್ತದೆ. ನಾಲ್ಕು ಗಾಲಿಯ ಸಾರೋಟುಗಳಿಗೆ ಮುಂದಿನ ಎರಡೂ ಗಾಲಿಗಳನ್ನು ಬೇರೆ ಬೇರೆ ಕೋನದಲ್ಲಿ ಹೊರಳಿಸುವ ಉಪಾಯವನ್ನು ಮ್ಯೂನಿಕ್‌ನ ಸಾರೋಟು ತಯಾರಕ ಗಿಯಾರ್ಗ್ ಲ್ಯಾಂಕೆನ್‌ಸ್ಪರ್ಗರ್ ಕಂಡುಹಿಡಿದ. 1818ರಲ್ಲಿ ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್ಮನ್ನನ ಹೆಸರೇ ಆ ವ್ಯವಸ್ಥೆಗೆ ನಿಂತುಬಿಟ್ಟಿತು. ಅಲ್ಲಿ ಗಾಲಿ ಹೊರಳುವುದು ಒಂದು ನೆಟ್ಟನೆಯ ಕಂಬಿಯ ಸುತ್ತ, ಅದನ್ನೇ ನಾವು ಇವತ್ತು ಕಿಂಗ್ ಪಿನ್ ಎನ್ನುವುದು. ಮೇಲೆ ಕೆಳಗೆ ಆಡುವ ಕೆಲಸವನ್ನು ಪಾಟಾ ಸ್ಪ್ರಿಂಗಿನ ಮೇಲೆ ಕೂತ ಇಡೀ ಅಚ್ಚು ನೋಡಿಕೊಳ್ಳುತ್ತದೆ. ಲಾರಿಗಳಲ್ಲಿ ಈಗಲೂ ಇದೇ ಕ್ರಮ.

ಒಂದು ಗಾಲಿ ತಗ್ಗಿಗೆ ಇಳಿದರೆ ಇನ್ನೊಂದಕ್ಕೆ ಅದರ ಹೊಡೆತ ತಟ್ಟಬಾರದು ಎಂದು ಎರಡೂ ಗಾಲಿಗಳನ್ನು ಬಿಡಿಬಿಡಿಯಾಗಿ ಆಡಲು ಬಿಟ್ಟಾಗ ಹೊಸ ಬೇಡಿಕೆ ಹುಟ್ಟಿತು. ಹೊರಳುವುದು, ಏರಿಳಿಯುವುದು ಎರಡೂ ಒಂದೇ ಕೀಲಿನಲ್ಲಿ ಆಗಬೇಕು. ಎಲ್ಲ ದಿಕ್ಕಿಗೂ ಬಾಗುವ ಕೀಲಿಗೆ ಗುಂಡಿಗಿಂತ ಸರಳ ಆಕಾರವಿಲ್ಲ. ಜರ್ಮನಿಯ ಫ್ರಿಟ್ಜ್ ಫೌಡಿ 1922ರಲ್ಲಿ ಇಂದಿನ ಬಗೆಯ ಬಾಲ್ ಜಾಯಿಂಟ್ ರೂಪಿಸಿದ. ಅಮೆರಿಕದ ಕಾರುಗಳ ಮುಂದಿನ ಸಸ್ಪೆನ್ಷನ್ನಿಗೆ ಅದು ಬಂದದ್ದು ಮೂವತ್ತು ವರ್ಷದ ನಂತರ, 1952ರ ಲಿಂಕನ್ ಕಾರಿನಲ್ಲಿ. ಇವತ್ತು ಸಂಕೇಶ್ವರದ ಹೆದ್ದಾರಿಯಲ್ಲಿ ಹಾಯುವ ಬಹುತೇಕ ಪ್ರತಿ ಕಾರಿನಲ್ಲಿ ಗಾಲಿಯನ್ನು ಚಾಸಿಗೆ ಕೂಡಿಸುವ ಲೋವರ್ ಆರ್ಮ್‌ನ ತುದಿಯಲ್ಲೂ ಅದಿದೆ. ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ ಅದೇ ಗುಂಡಿನ ಕೀಲು ಟೈರಾಡ್‌ನ ತುದಿಗಳಲ್ಲಿ ಕೂತು ಒಂದು ಗಾಲಿಯ ಹೊರಳಿಕೆಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ.

ಹಳೆಯ ಜಾಯಿಂಟೊಂದನ್ನು ಗರಗಸದಿಂದ ಸೀಳಿ ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಉಕ್ಕಿನ ನುಣುಪಾದ ಗುಂಡು, ಸುಮಾರು ದೊಡ್ಡ ಗೋಲಿಯಷ್ಟು. ಅದರ ಸುತ್ತ ಹಾಲುಬಿಳಿಯ ಅಥವಾ ಕಪ್ಪು ಬಣ್ಣದ ಪ್ಲಾಸ್ಟಿಕ್ ಬಟ್ಟಲು. ಬಟ್ಟಲಿನ ಹೊರಗೆ ಉಕ್ಕಿನ ಕವಚ. ನಡುವೆ ಗ್ರೀಸ್. ಗುಂಡಿನಿಂದ ಹೊರಟ ಗಿಡ್ಡ ದಂಡ, ಅದಕ್ಕೆ ಸ್ಟಡ್ ಎನ್ನುತ್ತಾರೆ, ತುದಿಯತ್ತ ಸಣ್ಣದಾಗುತ್ತ ಹೋಗಿ ನಟ್ ಕೂರುವ ತಿರುಪಿನ ಮರೆಯಲ್ಲಿ ಮುಗಿಯುತ್ತದೆ. ಗ್ರೀಸ್ ಹೊರಗೆ ಹೋಗದಂತೆ, ಮಣ್ಣು ಒಳಗೆ ಬರದಂತೆ ಕುತ್ತಿಗೆಗೆ ರಬ್ಬರ್ ಬೂಟ್.

ಬಟ್ಟಲಿನ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಅಸಿಟಾಲ್. 1960ರಲ್ಲಿ ಡ್ಯುಪಾಂಟ್ ಕಂಪನಿ ಇದನ್ನು ಡೆಲ್ರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗಟ್ಟಿ, ಉಕ್ಕಿನ ಮೇಲೆ ಸಲೀಸಾಗಿ ಜಾರುವಂಥದ್ದು. ಉಕ್ಕಿನ ಗುಂಡಿಗೆ ಪ್ಲಾಸ್ಟಿಕ್ ಬಟ್ಟಲೇ ಎಂದು ಅಚ್ಚರಿಪಡುವವರು ನಮ್ಮ ಸೊಂಟದ ಕೀಲನ್ನು ನೆನೆಯಬೇಕು. ತೊಡೆಯೆಲುಬಿನ ಗುಂಡಾದ ತಲೆ ಸೊಂಟದ ಎಲುಬಿನ ಬಟ್ಟಲಿನಲ್ಲಿ ಕೂತಿದೆ, ನಡುವೆ ಮೃದ್ವಸ್ಥಿ ಮತ್ತು ಜಾರುವ ದ್ರವ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಸವೆದ ಸೊಂಟಕ್ಕೆ ಕೃತಕ ಕೀಲು ಕೂಡಿಸಲು ಹೊರಟಾಗ ಮೊದಲು ಟೆಫ್ಲಾನ್ ಬಟ್ಟಲು ಬಳಸಿದರು. ಅದು ಚೆನ್ನಾಗಿ ಜಾರಿತು, ಆದರೆ ಬಹುಬೇಗ ಸವೆಯಿತು. 1962ರಲ್ಲಿ ಬೇರೆ ಜಾತಿಯ ಗಟ್ಟಿ ಪಾಲಿಥೀನ್ ಬಟ್ಟಲಿಗೆ ಬದಲಾಯಿಸಿದ ಮೇಲೆ ಕೀಲು ಬಾಳಿಕೆ ಬಂತು. ಅವರು ಆರಿಸಿಕೊಂಡ ಗುಂಡಿನ ವ್ಯಾಸ ಸುಮಾರು 22 ಮಿ.ಮೀ., ನಮ್ಮ ಕಾರುಗಳ ಬಾಲ್ ಜಾಯಿಂಟಿನ ಗುಂಡಿಗೆ ತೀರ ಹತ್ತಿರ. ಜಾರುವ ಗುಣ ಬೇರೆ, ಸವೆತ ತಡೆಯುವ ಗುಣ ಬೇರೆ ಎಂಬ ಚಾರ್ನ್‌ಲಿಯವರ ಪಾಠ ಗಾಡಿಗೂ ಅಷ್ಟೇ ಅನ್ವಯಿಸುತ್ತದೆ.

ಇನ್ನು ಸವೆತದ ಮಾತು. ಹೋಲಿಕೆಗೆ ಗೋಕಾಕ ಜಲಪಾತದ ಪಕ್ಕದಲ್ಲಿರುವಂಥ ನೂಲಿನ ಗಿರಣಿಯನ್ನು ತೆಗೆದುಕೊಳ್ಳಿ. ಇಂದಿನ ನೂಲಿನ ಗಿರಣಿಗಳಲ್ಲಿ ಕದಿರು ನಿಮಿಷಕ್ಕೆ 10 ಸಾವಿರಕ್ಕೂ ಮೀರಿ ಸುತ್ತುತ್ತದೆ. ಅಷ್ಟು ವೇಗದಲ್ಲಿ ತಿರುಗುವ ದಂಡ ತನ್ನ ಸುತ್ತಲಿನ ಎಣ್ಣೆಯನ್ನು ತಾನೇ ಎಳೆದುಕೊಂಡು ತೆಳುವಾದ ಪದರವೊಂದನ್ನು ಕಟ್ಟಿಕೊಳ್ಳುತ್ತದೆ, ಲೋಹಕ್ಕೆ ಲೋಹ ತಾಗುವುದೇ ಕಡಿಮೆ. ಬಾಲ್ ಜಾಯಿಂಟಿಗೆ ಈ ಭಾಗ್ಯವಿಲ್ಲ. ಅದು ಇಡೀ ಸುತ್ತು ತಿರುಗುವುದೇ ಇಲ್ಲ. ಕೆಲವೇ ಡಿಗ್ರಿ ಆ ಕಡೆ, ಕೆಲವೇ ಡಿಗ್ರಿ ಈ ಕಡೆ, ಪ್ರತಿ ತುದಿಯಲ್ಲೂ ಒಂದು ಗಳಿಗೆ ನಿಲುಗಡೆ. ಪದರ ಕಟ್ಟುವಷ್ಟು ವೇಗ ಬರುವ ಮೊದಲೇ ದಿಕ್ಕು ಬದಲು. ಹೀಗಾಗಿ ಗುಂಡು ಮತ್ತು ಬಟ್ಟಲು ಸದಾ ಮೈಗೆ ಮೈ ತಾಗಿಸಿಕೊಂಡೇ ಕೆಲಸ ಮಾಡುತ್ತವೆ. ಗ್ರೀಸ್ ಅಲ್ಲಿ ಮಾಡುವುದು ಮೈಗೆ ಅಂಟಿಕೊಂಡು ಉಜ್ಜಾಟವನ್ನು ತಗ್ಗಿಸುವ ಕೆಲಸ ಮಾತ್ರ. ಅದು ತೊಳೆದುಹೋದ ದಿನ ಆ ಕೆಲಸ ಮಾಡುವವರು ಇನ್ನಾರೂ ಇಲ್ಲ.

ಸವೆತದ ಲೆಕ್ಕವನ್ನು 1953ರಲ್ಲಿ ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಸರಳ ಸೂತ್ರದಲ್ಲಿ ಹಿಡಿದರು. ಎಷ್ಟು ಭಾರ ಬಿತ್ತು, ಎಷ್ಟು ದೂರ ಉಜ್ಜಿತು, ಇವೆರಡರ ಗುಣಲಬ್ಧಕ್ಕೆ ತಕ್ಕಂತೆ ಸವೆತ ಹೆಚ್ಚುತ್ತದೆ, ಮೆತ್ತಗಿರುವ ಮೈಯ ಗಡಸುತನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಈ ಸೂತ್ರದ ಪ್ರಕಾರ ಜಾಯಿಂಟ್ ಹಂತಹಂತವಾಗಿ, ನಿಧಾನಕ್ಕೆ ಸವೆಯಬೇಕು. ಮೊದಮೊದಲು ಆಗುವುದೂ ಹಾಗೆಯೇ. ಆದರೆ ಗುಂಡು ಮತ್ತು ಬಟ್ಟಲಿನ ನಡುವೆ ಕೂದಲೆಳೆಯಷ್ಟು ಸಂದು ಬಿತ್ತೆಂದರೆ ಆಟವೇ ಬದಲಾಗುತ್ತದೆ. ಅಲ್ಲಿಯವರೆಗೆ ಒತ್ತುತ್ತಿದ್ದ ಗುಂಡು ಈಗ ಹೊಡೆಯತೊಡಗುತ್ತದೆ. ಹಂಪ್ ದಾಟಿದಾಗ ಗಾಲಿ ಒಂದು ಕ್ಷಣ ಇಳಿದು, ಸಂದು ಮುಚ್ಚುವಾಗ ಬೀಳುವ ಪೆಟ್ಟು ನಿಂತ ಗಾಡಿಯ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಪೆಟ್ಟು ಸಂದನ್ನು ಹಿಗ್ಗಿಸುತ್ತದೆ, ಹಿಗ್ಗಿದ ಸಂದು ಪೆಟ್ಟನ್ನು ಜೋರು ಮಾಡುತ್ತದೆ. “ಹೋದ ತಿಂಗಳ ಬರೀ ಸಪ್ಪಳ ಇತ್ತು, ಈ ತಿಂಗಳ ಗಾಡಿನ ಹಿಡೀವಲ್ಲದು” ಎಂದು ಗಾಡಿಯವರು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಸವೆತ ನಿಜಕ್ಕೂ ಕೊನೆಗೊನೆಗೆ ಓಡುತ್ತದೆ.

ನಮ್ಮ ನೆಲವೂ ಇದಕ್ಕೆ ಕೈಜೋಡಿಸುತ್ತದೆ. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ವರ್ಷ ತಿರುಗುವುದರೊಳಗೆ ಅಲೆಯಾಗುವುದು ಮೂಡಲಗಿ ಕಡೆಯ ಕಾಲುವೆ ದಂಡೆಯ ರಸ್ತೆಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಹೊಲದ ದಾರಿಯಿಂದ ರಸ್ತೆಗೆ ಹತ್ತುವಾಗಿನ ಓರೆ ಹೊಡೆತ ಬೇರೆ. ಇವೆಲ್ಲಕ್ಕಿಂತ ಕೆಟ್ಟದ್ದು ಉಸುಕು. ಉಸುಕಿನಲ್ಲಿರುವ ಸ್ಫಟಿಕಶಿಲೆಯ ಕಣ ಜಾಯಿಂಟಿನ ಉಕ್ಕಿಗಿಂತ ಗಡಸು. ಬೂಟ್ ಹರಿದು ಆ ಕಣ ಒಳಗೆ ಸೇರಿತೆಂದರೆ ಮೆತ್ತಗಿರುವ ಪ್ಲಾಸ್ಟಿಕ್ಕಿನಲ್ಲಿ ನೆಟ್ಟುಕೊಂಡು ಕೂರುತ್ತದೆ, ಬಟ್ಟಲೇ ಉಜ್ಜುಕಾಗದವಾಗಿ ಉಕ್ಕಿನ ಗುಂಡನ್ನು ತೇಯತೊಡಗುತ್ತದೆ. ಎರಡರಲ್ಲಿ ಗಟ್ಟಿಯಾದದ್ದೇ ಹೆಚ್ಚು ಗಾಯಗೊಳ್ಳುವ ಈ ವಿಚಿತ್ರವನ್ನು ಬಿಚ್ಚಿದ ಹಳೆಯ ಜಾಯಿಂಟಿನಲ್ಲಿ ನೋಡಬಹುದು. ಗುಂಡಿನ ಮೇಲೆ ಗೀರುಗಳ ಸಾಲು, ತುಕ್ಕಿನ ಕುಳಿಗಳು, ಗ್ರೀಸಿನ ಜಾಗದಲ್ಲಿ ಕಂದು ಕೆಸರು. ಸರ್ವಿಸಿಂಗ್ ಹೊತ್ತಿನಲ್ಲಿ ಜೋರಿನ ನೀರನ್ನು ನೇರ ಬೂಟಿನ ಅಂಚಿಗೇ ಹಿಡಿಯುವುದು ಈ ಕೆಸರಿಗೆ ದಾರಿ ಮಾಡಿಕೊಟ್ಟಂತೆ.

ಈಗ ರಿಪೇರಿಯ ತಿರುಳಿಗೆ ಬರೋಣ. ಬಾಲ್ ಜಾಯಿಂಟಿನಲ್ಲಿ ಇರುವುದು ಒಂದಲ್ಲ, ಮೂರು ಹಿಡಿತ. ಗುಂಡನ್ನು ಬಟ್ಟಲು ಹಿಡಿದಿದೆ, ಅಲ್ಲಿ ಚಲನೆ ಇರಬೇಕು, ಸಂದು ಇರಬಾರದು. ಸ್ಟಡ್ಡನ್ನು ಗಾಲಿ ಹೊತ್ತು ಹೊರಳುವ ನಕಲ್‌ನ ಓರೆ ತೂತು ಹಿಡಿದಿದೆ, ಅಲ್ಲಿ ಚಲನೆಯೇ ಇರಬಾರದು. ಜಾಯಿಂಟಿನ ಮೈಯನ್ನು ಲೋವರ್ ಆರ್ಮ್ ಹಿಡಿದಿದೆ, ಕೆಲವು ಗಾಡಿಗಳಲ್ಲಿ ಬೋಲ್ಟಿನಿಂದ, ಕೆಲವುಗಳಲ್ಲಿ ಪ್ರೆಸ್ಸಿನಿಂದ ಒತ್ತಿ ಕೂಡಿಸಿ. ಅಲ್ಲೂ ಚಲನೆ ಕೂಡದು. ಸಡಿಲು ಈ ಮೂರರಲ್ಲಿ ಎಲ್ಲಿದೆ ಎಂದು ತಿಳಿಯದೆ ಪಾನಾ ಹಿಡಿಯುವುದು ರೋಗ ಗೊತ್ತಿಲ್ಲದೆ ಔಷಧ ಕೊಟ್ಟ ಹಾಗೆಯೇ.

ನಟ್ ಬಿಗಿ ಮಾಡಿದರೆ ಬಿಗಿಯಾಗುವುದು ಎರಡನೆಯ ಹಿಡಿತ. ಗುಂಡು ಬಟ್ಟಲಿನಲ್ಲಿ ಅಲ್ಲಾಡುತ್ತಿದ್ದರೆ ನಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಳತೆ ಮೀರಿ ಬಿಗಿದರೆ ಮರೆ ಹಿಗ್ಗಿ ಸ್ಟಡ್ ಬಿರುಕು ಬಿಡುವ ಅಪಾಯ ಒಂದು ಹೆಚ್ಚುವರಿ.

ಓರೆಯಾಗಿ ಕೂರುವ ಆ ಸ್ಟಡ್ಡಿನ ಗುಟ್ಟು ಸೊಗಸಾದದ್ದು. ಹಲವು ಗಾಡಿಗಳಲ್ಲಿ 10 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಕಡಿಮೆಯಾಗುತ್ತದೆ, ಅಂದರೆ ಬದಿಯ ಓರೆ 3 ಡಿಗ್ರಿಗಿಂತ ಕಡಿಮೆ. ಒಣ ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಸುಮಾರು 8 ಡಿಗ್ರಿ ಓರೆಯಾದರೂ ಬೇಕು. ಹಾಗಾಗಿ ಒಮ್ಮೆ ಒತ್ತಿ ಕೂಡಿಸಿದ ಸ್ಟಡ್ಡನ್ನು ಘರ್ಷಣೆಯೇ ಹಿಡಿದಿಟ್ಟುಕೊಳ್ಳುತ್ತದೆ, ನಟ್ ಬಿಚ್ಚಿದರೂ ಅದು ಜಪ್ಪಯ್ಯ ಎಂದರೂ ಬರುವುದಿಲ್ಲ. ಅನುಭವಿ ಮಿಸ್ತ್ರಿಗಳು ಸ್ಟಡ್ಡಿನ ತುದಿಗೆ ಹೊಡೆಯುವುದಿಲ್ಲ. ನಕಲ್‌ನ ಕಿವಿಯ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಏಟು ಹಾಕುತ್ತಾರೆ. ಆ ಕ್ಷಣಕ್ಕೆ ತೂತಿನ ಆಕಾರ ತುಸು ಬದಲಾಗಿ ಹಿಡಿತ ಬಿಡುತ್ತದೆ, ಸ್ಟಡ್ “ಟಪ್” ಎಂದು ಕೆಳಗಿಳಿಯುತ್ತದೆ. ಪುಲ್ಲರ್ ಇದ್ದರೆ ಅದೇ ಉತ್ತಮ.

ಇದೇ ಗುಟ್ಟಿನಿಂದ ಕೂಡಿಸುವಾಗಿನ ನಿಯಮಗಳೂ ಹುಟ್ಟುತ್ತವೆ. ಓರೆ ಮೈಗೆ ಗ್ರೀಸ್ ಸವರಬಾರದು, ಹಿಡಿದಿಡುವ ಘರ್ಷಣೆಯನ್ನೇ ಅದು ತಿಂದುಹಾಕುತ್ತದೆ. ಒರೆಸಿ, ಒಣಗಿಸಿ ಕೂಡಿಸಬೇಕು. ಬುರುಜು ಕೊರೆದಂತಿರುವ ಕ್ಯಾಸಲ್ ನಟ್ಟನ್ನು ಹೇಳಿದ ಅಳತೆಗೆ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಕೂಡಿ ಬರದಿದ್ದರೆ ಮುಂದಿನ ಕಂಡಿಯವರೆಗೆ ಇನ್ನಷ್ಟು ಬಿಗಿಯಬೇಕು, ಎಂದೂ ಹಿಂದಕ್ಕೆ ಸಡಿಲಿಸಬಾರದು. ತೂತು ಸವೆದು ಸ್ಟಡ್ ಆಡುತ್ತಿದೆಯೆಂದು ಡಬ್ಬಿಯ ತಗಡು ಕತ್ತರಿಸಿ ಸುತ್ತುವುದನ್ನು ಕೆಲವೆಡೆ ನೋಡಬಹುದು. ತಗಡು ಇಡೀ ಮೈಗೆ ತಾಗುವುದಿಲ್ಲ, ನಾಲ್ಕಾರು ಬಿಂದುಗಳಲ್ಲಿ ಮಾತ್ರ ತಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ತಗ್ಗಿಗೂ ಸ್ಟಡ್ ಒಂದಿಷ್ಟು ಬಾಗಿ ನೆಟ್ಟಗಾಗುತ್ತ, ತಂತಿಯನ್ನು ಮಡಚಿ ಮಡಚಿ ಮುರಿದಂತೆ ಒಂದು ದಿನ ಕಡಿದುಬೀಳುತ್ತದೆ. ತೂತು ಸವೆದಿದ್ದರೆ ನಕಲ್ ಬದಲಿಸಬೇಕು, ಬೇರೆ ದಾರಿ ಇಲ್ಲ.

ಮೂರನೆಯ ಹಿಡಿತಕ್ಕೆ ಬಂದರೆ, ಒತ್ತಿ ಕೂಡಿಸುವ ಜಾಯಿಂಟಿನ ಮೈ ಆರ್ಮ್‌ನ ತೂತಿಗಿಂತ ತುಸು, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ, ದಪ್ಪವಾಗಿರುತ್ತದೆ. ಒತ್ತಿದಾಗ ಆರ್ಮ್‌ನ ಉಕ್ಕು ಹಿಗ್ಗಿ, ಮರಳಿ ಕುಗ್ಗಲು ಹವಣಿಸುತ್ತ ಅದನ್ನು ಅಪ್ಪಿ ಹಿಡಿಯುತ್ತದೆ. ತೂತು ಅಗಲವಾಗಿ ಹೊಸ ಜಾಯಿಂಟ್ ಕೈಯಿಂದಲೇ ಒಳಗೆ ಹೋದರೆ ಆರ್ಮ್‌ನ ಆಯುಷ್ಯ ಮುಗಿದಿದೆ ಎಂದರ್ಥ. ಸುತ್ತಲೂ ವೆಲ್ಡಿಂಗ್ ಇಟ್ಟರೆ ಆಗುವುದೇನು? ವೆಲ್ಡಿಂಗಿನಲ್ಲಿ ಕರಗುವ ಉಕ್ಕಿನ ಬಿಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್. ಅದರಿಂದ ಕೆಲವೇ ಮಿಲಿಮೀಟರ್ ಒಳಗಿರುವ ಪಾಲಿಅಸಿಟಾಲ್ ಬಟ್ಟಲು ಸುಮಾರು 175 ಡಿಗ್ರಿಗೆ ಕರಗುತ್ತದೆ. ಗ್ರೀಸ್ ಸುಡುತ್ತದೆ, ಬೂಟ್ ಬೇಯುತ್ತದೆ, ಆರ್ಮ್‌ನ ಉಕ್ಕು ಬಿಸಿ ತಿಂದ ಜಾಗದಲ್ಲಿ ಹದಗೆಡುತ್ತದೆ. ಹೊರಗೆ ಕಲ್ಲಿನಂತೆ ಗಟ್ಟಿ, ಒಳಗೆ ಗುಂಡಿಗೆ ಆಸರೆಯೇ ಇಲ್ಲ. ಹಂಗಾಮು ಮುಗಿಯುವ ತನಕ ತಡೆಯಲಿ ಎಂದು ಮಾಡಿಸಿದ ಆ ಟಚ್ ಹಂಗಾಮಿನ ನಡುವೆಯೇ ಗಾಲಿಯನ್ನು ಹೊರಕ್ಕೆ ಮಲಗಿಸಬಹುದು. ಹೀಗೆ ಮಾಡಿಸಬೇಡಿ, ಮಾಡಿಕೊಡಲೂ ಬೇಡಿ.

ಸಡಿಲನ್ನು ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಕಿಲ್ಲ, ಜಾಕ್ ಎಲ್ಲಿ ಇಡಬೇಕೆಂಬ ತಿಳಿವಳಿಕೆ ಬೇಕು. ಮೊದಲು ಹಿಂದಿನ ಗಾಲಿಗಳಿಗೆ ಅಡ್ಡ ಕಟ್ಟಿಗೆ ಇಡಿ. ಎತ್ತಿದ ಗಾಡಿಗೆ ಸ್ಟ್ಯಾಂಡ್ ಕೊಡಿ, ಇಟ್ಟಂಗಿಯನ್ನು ನಂಬಬೇಡಿ. ಸ್ಪ್ರಿಂಗ್ ಲೋವರ್ ಆರ್ಮ್‌ನ ಮೇಲೆ ಕೂತಿರುವ ಗಾಡಿಯಲ್ಲಿ ಗಾಡಿಯ ಭಾರ ಕೆಳಗಿನ ಜಾಯಿಂಟಿನ ಮೂಲಕ ಹಾಯುತ್ತದೆ. ಚಾಸಿಗೆ ಜಾಕ್ ಇಟ್ಟು ಎತ್ತಿದರೆ ಸ್ಪ್ರಿಂಗ್ ಜಾಯಿಂಟನ್ನು ಒತ್ತಿ ಹಿಡಿದು ಸಡಿಲನ್ನು ಮುಚ್ಚಿಡುತ್ತದೆ. ಅಂಥ ಗಾಡಿಗೆ ಆರ್ಮ್‌ನ ಕೆಳಗೆ, ಗಾಲಿಗೆ ಆದಷ್ಟು ಹತ್ತಿರ ಜಾಕ್ ಇಡಬೇಕು. ಮಾರುತಿ 800 ಬಂದಾಗಿನಿಂದ ನಮ್ಮ ಸಣ್ಣ ಕಾರುಗಳಲ್ಲಿ ಬಳಕೆಯಾದ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಸ್ಪ್ರಿಂಗಿನ ಭಾರ ಮೇಲಿನಿಂದಲೇ ಹೋಗುತ್ತದೆ, ಕೆಳಗಿನ ಜಾಯಿಂಟ್ ಹೊರೆ ಹೊರುವುದಿಲ್ಲ. ಅಲ್ಲಿ ಗಾಲಿ ಜೋತಾಡುವಂತೆ ಚಾಸಿಯ ಕಡೆಗೇ ಎತ್ತಬೇಕು.

ಆಮೇಲೆ ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಗೆ ಹೊರಗೆ ಜಗ್ಗಿ. ಟೈರಿನ ಅಡಿಗೆ ಹಾರಿ ಕೊಟ್ಟು ನಿಧಾನಕ್ಕೆ ಮೀಟಿ. ಆಡುತ್ತಿದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಜಗ್ಗಿ. ಈಗ ಆಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಜಾಯಿಂಟಿನದು. ಎಡಬಲ ಹಿಡಿದು ಜಗ್ಗಿದಾಗ ಆಡಿದರೆ ಟೈರಾಡ್ ಎಂಡ್ ಕಡೆ ನೋಡಿ. ಟೈರಾಡಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಬಂದ್ ಇರಲಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪವೇ ಆಚೆಈಚೆ ಆಡಿಸಲಿ, ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಟ್ಟು ಕೂರಲಿ. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಮೊದಲು ಗೊತ್ತಾಗುತ್ತದೆ.

ಒಂದು ಮಿಲಿಮೀಟರ್ ಅಲ್ಲವೇ ಎನ್ನುವವರಿಗಾಗಿ ಒಂದು ಲೆಕ್ಕ. ಟೈರಾಡ್ ಹಿಡಿದು ಗಾಲಿಯನ್ನು ಹೊರಳಿಸುವ ಸ್ಟೇರಿಂಗ್ ಆರ್ಮ್‌ನ ಉದ್ದ 13 ಸೆಂ.ಮೀ. ಎಂದುಕೊಳ್ಳಿ. ಟೈರಾಡ್ ತುದಿಯಲ್ಲಿ 1 ಮಿ.ಮೀ. ಸಡಿಲಿದ್ದರೆ ಗಾಲಿ ಅರ್ಧ ಡಿಗ್ರಿಗೆ ತುಸು ಕಡಿಮೆ ತಪ್ಪು ದಿಕ್ಕಿಗೆ ತಿರುಗಿ ನಿಲ್ಲಬಲ್ಲದು. ಹಾಗೆ ಓರೆಯಾಗಿ ಉರುಳುವ ಗಾಲಿ ಪ್ರತಿ ಕಿಲೋಮೀಟರಿಗೆ ಸುಮಾರು 7.7 ಮೀಟರ್ ಅಡ್ಡಡ್ಡ ಉಜ್ಜಿಸಿಕೊಳ್ಳುತ್ತದೆ. ಹೊಸ ಟೈರು ಒಂದೇ ಅಂಚಿನಲ್ಲಿ ಬೋಳಾಗುವುದು ಹೀಗೆ. ಜಾಯಿಂಟಿಗೆ ಉಳಿಸಿದ ದುಡ್ಡು ಟೈರಿನಲ್ಲಿ ಹೋಗುತ್ತದೆ.

ಟ್ರ್ಯಾಕ್ಟರಿನ ಪಾಡು ಇನ್ನೂ ನಾಜೂಕು. ಹಿಂದೆ ಕಬ್ಬು ಹೇರಿದ ಟ್ರೇಲರ್ ಜಗ್ಗುವಾಗ ಮುಂದಿನ ಗಾಲಿಗಳ ಮೇಲಿನ ಭಾರ ಇಳಿಯುತ್ತದೆ, ನೆಲದ ಹಿಡಿತ ತಗ್ಗುತ್ತದೆ. ಅಂಥ ಹೊತ್ತಿನಲ್ಲಿ ಟೈರಾಡ್ ಸಡಿಲಿದ್ದರೆ ಗಾಲಿಗಳು ಒಂದು ವೇಗದಲ್ಲಿ ತಮ್ಮಷ್ಟಕ್ಕೆ ಎಡಬಲ ನಡುಗತೊಡಗುತ್ತವೆ. ನಡುಗಲು ಬೇಕಾದ ಶಕ್ತಿಯನ್ನು ಅವು ಗಾಡಿಯ ಓಟದಿಂದಲೇ ಕದಿಯುವುದರಿಂದ ಸ್ಟೇರಿಂಗನ್ನು ಎಷ್ಟು ಬಲವಾಗಿ ಹಿಡಿದರೂ ನಡುಕ ಪೂರ್ತಿ ನಿಲ್ಲದು, ವೇಗ ಇಳಿಸಬೇಕು. ಟ್ರ್ಯಾಕ್ಟರಿನ ಒಳ್ಳೆಯ ಗುಣವೆಂದರೆ ಕಿಂಗ್ ಪಿನ್ನಿಗೆ, ಮುಂದಿನ ಅಚ್ಚಿನ ನಡುವಿನ ಪಿನ್ನಿಗೆ, ಹಲವು ಮಾದರಿಗಳಲ್ಲಿ ಟೈರಾಡಿಗೂ ಗ್ರೀಸ್ ನಿಪ್ಪಲ್ ಇರುತ್ತದೆ. ನಿಪ್ಪಲ್ ಒರೆಸಿ, ಹಳೆಯ ಕಪ್ಪು ಗ್ರೀಸ್ ಹೊರಬರುವ ತನಕ ಗನ್ ಹೊಡೆದರೆ ಒಳಗಿನ ಉಸುಕೂ ಅದರ ಜೊತೆ ಹೊರಬೀಳುತ್ತದೆ. ಕಾರಿನ ಮುಚ್ಚಿದ ಜಾಯಿಂಟಿಗೆ ಈ ಅವಕಾಶವಿಲ್ಲ, ಅದರ ಕಾವಲು ಬೂಟ್ ಒಂದೇ.

ಬದಲಿಸುವಾಗ ಇನ್ನೆರಡು ಮಾತು ನೆನಪಿರಲಿ. ಟೈರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಒಳಕ್ಕೆ ಹಾಕಬೇಕು. ಅದು ಗ್ಯಾರೇಜಿನಿಂದ ಅಲೈನ್‌ಮೆಂಟ್ ಅಂಗಡಿಗೆ ಹೋಗುವಷ್ಟಕ್ಕೆ ಸಾಕು, ಅಲೈನ್‌ಮೆಂಟಿಗೆ ಬದಲಿಯಲ್ಲ. ಲೋವರ್ ಆರ್ಮ್‌ನ ಇನ್ನೊಂದು ತುದಿಯ ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಗಾಲಿ ಜೋತುಬಿದ್ದಾಗಲೇ ಬಿಗಿದರೆ ಬುಶ್ ಹಗಲಿರುಳೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಖಂಡೆ ಪೂಜೆಗೆ ಗಾಡಿ ತೊಳೆಯುವ ದಿನ, ಹಂಗಾಮು ಶುರುವಾಗುವ ಮುಂಚೆ, ಒಂದು ಹತ್ತು ನಿಮಿಷ ಮುಂದಿನ ಗಾಲಿಗಳ ಹಿಂದೆ ಬ್ಯಾಟರಿ ಬೆಳಕು ಬಿಟ್ಟು ಬೂಟುಗಳನ್ನು ಒಂದೊಂದಾಗಿ ನೋಡಿ. ಬಿರುಕು ಕಂಡರೆ, ಗ್ರೀಸ್ ಜಿನುಗಿದ್ದರೆ ಸಪ್ಪಳಕ್ಕಾಗಿ ಕಾಯಬೇಡಿ. ಬದಲಿಸಿದ ಮೇಲೆ ಹಳೆಯ ಜಾಯಿಂಟನ್ನು ಮಿಸ್ತ್ರಿಯಿಂದ ಕೇಳಿ ಪಡೆದು ಸ್ಟಡ್ ಹಿಡಿದು ಆಡಿಸಿ ನೋಡಿ. ಸಡಿಲು ಎಲ್ಲಿತ್ತು ಎಂಬುದು ನಿಮ್ಮ ಕೈಗೇ ತಿಳಿಯುತ್ತದೆ, ಮುಂದಿನ ಸಲ “ಟಚ್ ಕೊಡ್ರಿ” ಎಂದು ನೀವು ಕೇಳುವುದಿಲ್ಲ.